ಕೊಳಚೆ ನಿಂತರೂ ಕೆರೆ ಹಸಿರಾಗೇ ಇದೆಯಾ? ಕೆಸರನ್ನು ನೋಡಿ

ಎಂಎಸ್ಸಿ ಪ್ರಾಜೆಕ್ಟ್‌ಗೆ ನಿಮ್ಮೂರ ಕೆರೆ ತಗೊಂಡಿದ್ದೀರಿ. ಕೊಳಚೆ ನೀರು ಬರುವುದು ನಿಂತರೂ ಪಾಚಿ ಹೋಗಿಲ್ಲ, ಪಾಚಿಗೆ ಆಹಾರವಾಗುವ ಸಾರಜನಕ ನೋಡಬೇಕೋ ರಂಜಕವೋ (ಫಾಸ್ಫರಸ್) ಅಂತ ಕೇಳಿದ್ದೀರಿ. ಕೆರೆ ನೀರು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಎರಡನ್ನೂ ಅಳೆಯಿರಿ, ಆದರೆ ರಂಜಕದಿಂದ ಶುರು ಮಾಡಿ. ಅದೂ ತಳದ ಕೆಸರಿನಿಂದ.

ಕೆನಡಾದ ಒಂಟಾರಿಯೋದಲ್ಲಿ 226ನೇ ನಂಬರಿನ ಸರೋವರ ಇದೆ. 1973ರಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ ಅದರ ನಡುವೆ ಪರದೆ ಕಟ್ಟಿತು. ಇಂಗಾಲ, ಸಾರಜನಕ ಎರಡೂ ಕಡೆ ಹಾಕಿದರು. ರಂಜಕ ಒಂದೇ ಕಡೆ. ಆ ಕಡೆ ಮಾತ್ರ ನೀರು ಪಾಚಿ ಕಟ್ಟಿತು. ಸಾರಜನಕ ಸಾಲದಿದ್ದರೆ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಿಂದಲೇ ಎಳೆದುಕೊಳ್ಳುತ್ತವೆ. ರಂಜಕ ಹಾಗೆ ಸಿಗಲ್ಲ.

ನಿಮ್ಮ ಕೆರೆಯಲ್ಲಿ ವರ್ಷಗಟ್ಟಲೆ ಬಂದ ರಂಜಕ ಕೆಸರಲ್ಲಿ ಕೂತಿರುತ್ತದೆ. ಆಮ್ಲಜನಕ ಇರುವವರೆಗೆ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮ್ಲಜನಕ ಮುಗಿದರೆ ಕಬ್ಬಿಣ ಕರಗಿ, ರಂಜಕ ಮತ್ತೆ ನೀರಿಗೆ ಬರುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲೇ ತಳದ ಆಮ್ಲಜನಕ ಅಳೆಯಿರಿ. ಮಧ್ಯಾಹ್ನ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ, ಎಲ್ಲ ಸರಿ ಇದೆ ಅನಿಸಿಬಿಡುತ್ತದೆ. ಮೇಲಿನ ನೀರು, ತಳದ ನೀರು ಬೇರೆ ಬೇರೆ ಬಾಟಲಿಗೆ ತುಂಬಿ. ಬಾಟಲಿಯನ್ನು ಸೋಪಿನ ಪುಡಿಯಲ್ಲಿ ತೊಳೆಯಬೇಡಿ, ಅದರಲ್ಲೂ ಫಾಸ್ಫೇಟ್, ಅಂದರೆ ರಂಜಕದ ಲವಣ, ಇರಬಹುದು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಿರಿ. ಮಾಲಿಬ್ಡೇಟ್ ಪರೀಕ್ಷೆಯಲ್ಲಿ ರಂಜಕ ಹೆಚ್ಚಿದ್ದಷ್ಟೂ ನೀಲಿ ಬಣ್ಣ ಗಾಢವಾಗುತ್ತದೆ. ಮೇಲಿನ ನೀರು ತಿಳಿ ನೀಲಿ, ತಳದ್ದು ಕಡು ನೀಲಿ ಬಂದರೆ ಕೆಸರಿನ ಮೇಲೆ ಅನುಮಾನ ಪಡಲು ಅಷ್ಟು ಸಾಕು.

ನನಗೆ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. 50 ಕೆಜಿ ಡಿಎಪಿ ಗೊಬ್ಬರದ ಮೂಟೆಯಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ. ಅದು ಗಣಿಯಿಂದ ಬರುವ ಕಲ್ಲಿನ ಸರಕು. ಜಗತ್ತಿನ ಅತಿ ದೊಡ್ಡ ನಿಕ್ಷೇಪ ಇರುವುದು ಮೊರಾಕ್ಕೊ ಕಡೆ, ನಾವೋ ಹೊರದೇಶದಿಂದ ತರಿಸಿಕೊಳ್ಳುವವರು. ರೈತರು ಕಾಸು ಕೊಟ್ಟು ಹಾಕಿದ್ದರಲ್ಲಿ ಒಂದಷ್ಟು ಮೊದಲ ಜೋರು ಮಳೆಗೆ ಮಣ್ಣಿನ ಜೊತೆ ಕೆರೆಗೆ ಸೇರುತ್ತದೆ. ಸುಮ್ನೆ ಪಾಚಿ ಬೆಳೆಸಿದ ಹಾಗಾಯಿತಲ್ವಾ?

ಆದ್ದರಿಂದ ಕೆರೆಗೆ ನೀರು ಹರಿದು ಬರುವ ಹೊಲಗಳ ಮಣ್ಣನ್ನೂ ಪರೀಕ್ಷಿಸಿ. ಎಷ್ಟೋ ಹೊಲದಲ್ಲಿ ರಂಜಕ ಆಗಲೇ ಜಾಸ್ತಿ ಇರುತ್ತದೆ, ಅಲ್ಲಿ ಡಿಎಪಿ ಕಡಿಮೆ ಮಾಡಬಹುದು. ಬೇಸಿಗೆಯಲ್ಲಿ ಕೆರೆ ಗೋಡು ಹೊಲಕ್ಕೆ ಹೊಡೆಯುವ ನಮ್ಮ ಹಳೇ ರೂಢಿಯೂ ರಂಜಕವನ್ನು ವಾಪಸ್ ಹೊಲಕ್ಕೇ ತರುತ್ತದೆ. ಕಾರ್ಖಾನೆ ನೀರು ಸೇರಿದ ಕೆರೆಯಾದರೆ ಮಾತ್ರ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಮಾಡಿಸದೆ ಗೋಡು ಮುಟ್ಟಬೇಡಿ.