ಕಡ್ಡಿಯಂತೆ ತೆಳ್ಳಗಿರುವ ಆ ಚೀನೀ ಅಕ್ಷರಗಳನ್ನು ಯಾವುದರಲ್ಲಿ ಬರೆಯುತ್ತಾರೆ?

ಹಳೆಯ ಚೀನೀ ಚಿತ್ರದ ಪಕ್ಕದಲ್ಲಿ ಕಡ್ಡಿಯಂಥ, ತುದಿ ಚೂಪಾದ ಅಕ್ಷರ ನೋಡಿದೆ, ಅದು ಲೋಹದ ನಿಬ್ಬಿನ ಬರಹವಾ ಅಂತ ಕೇಳಿದ್ದೀರಿ. ಅಲ್ಲ, ಕೂದಲಿನ ಕುಂಚದ್ದೇ. ನೀವು ಹೇಳಿದ ಗುರುತು ನೋಡಿದರೆ ಅದು ಶೌಜಿನ್ ಶೈಲಿ. 'ಶೌ' ಅಂದರೆ ಬಡಕಲು, 'ಜಿನ್' ಅಂದರೆ ಚಿನ್ನ.

ಇದು ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗನ ಕೈಬರಹ. 1100ರಲ್ಲಿ ಪಟ್ಟಕ್ಕೆ ಬಂದವನು. 1104ರಲ್ಲಿ ಅವನು ಬರೆದ ಸಾವಿರ ಅಕ್ಷರಗಳ ಪಾಠ ಈಗ ಶಾಂಘೈ ಮ್ಯೂಸಿಯಂನಲ್ಲಿದೆ. ನೀವು ನೋಡಿದ್ದು ಅರಮನೆ ಮಾಡಿನ ಮೇಲೆ ಕೊಕ್ಕರೆಗಳು ಹಾರುವ ಚಿತ್ರವಾದರೆ, ಅದು 1112ರದ್ದು, ಪಕ್ಕದ ಬರಹವೂ ಇದೇ ಶೈಲಿಯದು. ಕುಂಚ ಹಿಡಿದರೆ ಎತ್ತಿದ ಕೈ. ರಾಜ್ಯ ಕಾಯುವುದು ಮಾತ್ರ ಆಗಲಿಲ್ಲ. 1127ರಲ್ಲಿ ಉತ್ತರದ ಜುರ್ಚೆನ್ ಜನಾಂಗದವರು ಅವನನ್ನು ಸೆರೆಹಿಡಿದು ಉತ್ತರಕ್ಕೆ ಒಯ್ದರು. 1135ರಲ್ಲಿ ಅಲ್ಲೇ ಸತ್ತ.

ನಾನು ಸುಮ್ನೆ ಹವ್ಯಾಸಕ್ಕೆ ಇದನ್ನು ಬರೆಯುತ್ತೇನೆ. ತೆಳ್ಳಗೆ ಬರಬೇಕು ಅಂದರೆ ಮೆಲ್ಲಗೆ ಬರೆಯಬೇಕು ಅಂದುಕೊಂಡಿದ್ದೆ. ಗೆರೆ ನಡುಗಿ ಎರೆಹುಳದ ಹಾಗಾಯಿತು! ಅಡ್ಡಗೆರೆ ಶುರುವಾಗುವಲ್ಲಿ ಕುಂಚವನ್ನು ಚೂರು ಒತ್ತಬೇಕು. ತಕ್ಷಣ ಎತ್ತಿ, ಬರೀ ತುದಿಯಲ್ಲಿ ಸರ್ರನೆ ಎಳೆಯಬೇಕು. ಕೊನೆಯಲ್ಲಿ ಮತ್ತೆ ಒತ್ತಿ ಹಿಂದಕ್ಕೆ ತಂದರೆ ಗಂಟಿನ ಹಾಗೆ ನಿಲ್ಲುತ್ತದೆ. ಗೆರೆಯ ಗಟ್ಟಿತನವೆಲ್ಲ ಆ ಎರಡು ಒತ್ತಿನಲ್ಲೇ ಇರುವುದು. ಎಡಕ್ಕೆ ಇಳಿಯುವ ಗೆರೆ ಬಾಕುವಿನಂತೆ ಮೊನಚಾಗಬೇಕು. ನನಗೆ ಜಾಸ್ತಿ ಕಾಟ ಕೊಟ್ಟದ್ದು ಮೂಲೆಗಳು. ಕನ್ನಡ ಬರೆದ ಕೈ ಅಲ್ವಾ, ದುಂಡಗೆ ತಿರುಗಿಸಿಬಿಡುತ್ತದೆ. ಇಲ್ಲಿ ನಿಂತು, ಒತ್ತಿ, ಆಮೇಲೆ ಕೆಳಗಿಳಿಯಬೇಕು.

ಕಲಿಯುವ ಆಸೆ ಇದ್ದರೆ ಮೊದಲು ಕೈಶು ಎಂಬ ಸಾಮಾನ್ಯ ನೇರ ಬರಹವನ್ನು ಕೆಲವು ತಿಂಗಳು ತಿದ್ದಿ. ಆಮೇಲೆ ತುದಿ ಉದ್ದವಿರುವ, ಸ್ವಲ್ಪ ಗಟ್ಟಿ ಕೂದಲಿನ ಸಣ್ಣ ಕುಂಚ ಕೊಳ್ಳಿ. ಮೇಕೆ ಕೂದಲಿನದು ಬೇಡ, ತುಂಬಾ ಮೆತ್ತಗೆ.

ಇನ್ನೊಂದು ಮಾತು. ಹುಯಿಜಾಂಗನ ಆಳ್ವಿಕೆಯಲ್ಲಿ 1107ರಿಂದ 1110ರವರೆಗಿನ ಅವಧಿಗೆ ದಾಗ್ವಾನ್ ಅಂತ ಹೆಸರು, ಆ ಕಾಲದ ನಾಣ್ಯಗಳ ಮೇಲಿರುವುದೂ ಇದೇ ಬರಹ. ಫೋಟೋ ಹುಡುಕಿ, ದೊಡ್ಡದು ಮಾಡಿ ನೋಡಿ. ನಡುವೆ ಚೌಕದ ತೂತು, ಸುತ್ತ ನಾಲ್ಕೇ ಅಕ್ಷರ. ಲೋಹದಲ್ಲಿ ಎರಕ ಹೊಯ್ದರೂ ಗೆರೆ ಅಷ್ಟೇ ತೆಳ್ಳಗೆ ಉಳಿದಿದೆ.