ಹಳೇ ವೆಬ್ಲಿ ರಿವಾಲ್ವರಿನ ಹಿಡಿಯ ಸ್ಕ್ರೂ ಎಲ್ಲಿ ಸಿಗುತ್ತದೆ?

ಅಜ್ಜನಿಂದ ಬಂದ ಇಂಗ್ಲೆಂಡಿನ .32 ಬೋರ್ ವೆಬ್ಲಿ, ಲೈಸೆನ್ಸ್ ಈಗ ನಿಮ್ಮ ಹೆಸರಿನಲ್ಲಿದೆ, ಹಿಡಿಯ ಎರಡು ಬದಿಯ ಪಟ್ಟಿಗಳನ್ನು, ಅಂದರೆ ಗ್ರಿಪ್‌ಗಳನ್ನು, ಕೂಡಿಸುವ ಸ್ಕ್ರೂ ಬಿದ್ದುಹೋಗಿದೆ, ಹಾರ್ಡ್‌ವೇರ್ ಅಂಗಡಿಯ ಯಾವ ಸ್ಕ್ರೂವೂ ಕೂರುತ್ತಿಲ್ಲ ಅಂದಿದ್ದೀರಿ. ಕೂರುವುದೂ ಇಲ್ಲ. ಅಂಗಡಿ ಸುತ್ತುವುದು ಬಿಟ್ಟು ಮಾಡಿಸಿಕೊಳ್ಳಿ. ಬದಿಯಡ್ಕದ ಕಡೆ ನಮ್ಮ ಮನೆಯಲ್ಲೂ ಇದೇ ಜಾತಿಯದೊಂದು ಇದೆ. ಅದರ ಮೊದಲ ಲೈಸೆನ್ಸ್ ಮಂಗಳೂರಿನಿಂದ ಬಂದದ್ದು, ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ, ಅಂದರೆ 1956ಕ್ಕೆ ಮೊದಲು. ಚುನಾವಣೆ ಮುಗಿಯುವವರೆಗೆ ಅಂತ ರಿವಾಲ್ವರನ್ನು ಒಪ್ಪಿಸಿಟ್ಟು ವಾಪಸ್ ತಂದಾಗ ಸ್ಕ್ರೂ ಇರಲಿಲ್ಲ. ಯಾರನ್ನು ಕೇಳೋಣ? ಈಗ ಒಪ್ಪಿಸುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಡುತ್ತೇನೆ.

ಮೊದಲು ಗುಂಡು ತುಂಬುವ ಚೇಂಬರ್ ಎಲ್ಲಾ ಖಾಲಿ ಇದೆಯಾ ನೋಡಿಕೊಳ್ಳಿ. ಆಮೇಲೆ ಗ್ರಿಪ್ ತೆಗೆದು, ಟಾರ್ಚ್ ಹಿಡಿದು ಫ್ರೇಮಿನ, ಅಂದರೆ ರಿವಾಲ್ವರಿನ ಲೋಹದ ಚೌಕಟ್ಟಿನ, ತೂತು ನೋಡಿ. ಒಳಗೆ ನುಣ್ಣಗಿದ್ದರೆ ನಿಮ್ಮ ಕೆಲಸ ಅರ್ಧ ಆಯಿತು. ಅಂದರೆ ಸ್ಕ್ರೂ ರಿವಾಲ್ವರಿಗೆ ಕಚ್ಚುವುದೇ ಇಲ್ಲ. ಒಂದು ಗ್ರಿಪ್ಪಿನಿಂದ ಹೊಕ್ಕು, ಫ್ರೇಮ್ ದಾಟಿ, ಆಚೆ ಗ್ರಿಪ್ಪಿನಲ್ಲಿ ಹುದುಗಿಸಿದ ಸಣ್ಣ ಬುಶ್‌ಗೆ, ಅಂದರೆ ಲೋಹದ ಪುಟ್ಟ ಕೊಳವೆಗೆ, ಕಚ್ಚುತ್ತದೆ. ಥ್ರೆಡ್ ಇರುವುದು ಆ ಬುಶ್‌ನಲ್ಲಿ ಮಾತ್ರ. ಹಾಗಾಗಿ ಹಳೇ ಥ್ರೆಡ್ಡಿಗೆ ಸರಿಹೊಂದುವ ಸ್ಕ್ರೂ ಸಿಗದಿದ್ದರೆ ಸ್ಕ್ರೂ ಮತ್ತು ಬುಶ್ ಎರಡನ್ನೂ ಜೋಡಿಯಾಗಿ ಹೊಸದು ಮಾಡಿಸಿದರಾಯಿತು. ಆಗ ಯಾವ ಥ್ರೆಡ್ಡಾದರೂ ನಡೆಯುತ್ತದೆ. ಫ್ರೇಮಿನ ಒಳಗೇ ಥ್ರೆಡ್ ಕಂಡರೆ ಮಾತ್ರ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಿ. ಟ್ಯಾಪ್ ಹಾಕಿ ಹೊಸ ಥ್ರೆಡ್ ಕೊರೆಯುವ ಆಸೆ ಬೇಡ.

ಈಗ ಅಳತೆ. ಉದ್ದಕ್ಕೆ ಹಿಡಿಸೂಡಿ (ಪೊರಕೆ) ಕಡ್ಡಿ ಸಾಕು. ಗ್ರಿಪ್ ಎರಡನ್ನೂ ಕೈಯಲ್ಲಿ ಒತ್ತಿ ಹಿಡಿದು ಕಡ್ಡಿಯನ್ನು ತೂತಿನಲ್ಲಿ ತೂರಿಸಿ, ಸ್ಕ್ರೂವಿನ ತಲೆ ಕೂರುವ ಮೆಟ್ಟಿಲಿನ ಹತ್ತಿರ ಉಗುರಿನಿಂದ ಗುರುತು ಮಾಡಿ, ಆಚೆ ಬುಶ್‌ನ ಹೊರಮುಖದ ಹತ್ತಿರ ಇನ್ನೊಂದು. ಸ್ಕ್ರೂ ಆಚೆ ತುದಿಯಲ್ಲಿ ಹೊರಗೆ ಬಂದರೆ ಅಂಗೈಗೆ ಚುಚ್ಚುತ್ತದೆ, ತೀರಾ ಗಿಡ್ಡ ಆದರೆ ನಾಲ್ಕು ಸಲ ಬಿಗಿಸುವಷ್ಟರಲ್ಲಿ ಥ್ರೆಡ್ ಬೋಳಾಗುತ್ತದೆ. ದಪ್ಪಕ್ಕೆ ಮಾತ್ರ ವರ್ನಿಯರ್ ಬೇಕೇ ಬೇಕು, ಥ್ರೆಡ್ಡಿನ ಪಿಚ್‌ಗೆ, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರಕ್ಕೆ, ಪಿಚ್ ಗೇಜ್.

ಇಲ್ಲೇ ಜನ ಎಡವುವುದು. ಹಳೇ ಇಂಗ್ಲಿಷ್ ಸಣ್ಣ ಸ್ಕ್ರೂಗಳಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಂತ ಒಂದು ಅಳತೆ ಇದೆ. 3 ಬಿಎ ದಪ್ಪ 4.1 ಮಿ.ಮೀ., ಪಿಚ್ 0.73. ಇವತ್ತಿನ ಮೆಟ್ರಿಕ್ ಎಂ4 ಸ್ಕ್ರೂವಿನ ದಪ್ಪ 4, ಪಿಚ್ 0.7. ಕಣ್ಣಿಗೆ ಒಂದೇ. ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಂಗಡಿಯ ಹುಡುಗ "ಹೋಗ್ತದೆ ಸಾರ್, ಸ್ವಲ್ಪ ಜೋರಾಗಿ ತಿರುಗಿಸಿ" ಅನ್ನುತ್ತಾನೆ. ತಿರುಗಿಸಿದರೆ ಬುಶ್ ಹಾಳು. ಪಿಚ್ ಒಂದೇ ಅಲ್ಲ, ಥ್ರೆಡ್ಡಿನ ಕೋನವೂ ಬೇರೆ: ಬಿಎಗೆ ನಲವತ್ತೇಳೂವರೆ ಡಿಗ್ರಿ, ಮೆಟ್ರಿಕ್‌ಗೆ 60. ಹಾಗಂತ ವೆಬ್ಲಿಯ ಸ್ಕ್ರೂ ಎಲ್ಲಾ ಬಿಎ ಅಂತ ನಂಬಿಕೊಂಡು ಹೊರಡಬೇಡಿ, ಅಳೆದೇ ನೋಡಿ.    

ಬಿಎ ಅಂತಲೇ ಖಾತ್ರಿಯಾದರೆ ಬಂದೂಕಿನ ಅಂಗಡಿಗಿಂತ ಮೊದಲು ಹಳೇ ಬುಲೆಟ್ ಬೈಕಿನ ಮೆಕ್ಯಾನಿಕ್‌ಗಳನ್ನು ಹುಡುಕಿ. ತಮಾಷೆಯಲ್ಲ. ಹಳೇ ಬೈಕುಗಳ ಲೂಕಾಸ್ ಕಂಪನಿಯ ಕರೆಂಟ್ ಸಾಮಾನಿನಲ್ಲಿ ಬಿಎ ಸ್ಕ್ರೂಗಳೇ ಇದ್ದವು. ವಯಸ್ಸಾದ ಮೆಕ್ಯಾನಿಕ್‌ನ ಡಬ್ಬಿಯಲ್ಲಿ ಆ ಥ್ರೆಡ್ ಕೊರೆಯುವ ಟ್ಯಾಪ್, ಡೈ ಇನ್ನೂ ಇರಬಹುದು. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಬೀದಿಯಲ್ಲೂ ಕೇಳಬಹುದು. ನಮ್ಮ ಕಡೆಯ ಬಂದೂಕಿನ ಅಂಗಡಿಗಳಿಗೆ ಬರುವವರು ಜಾಸ್ತಿ ತೋಟದವರು, ಅವರಿಗೆ ಬೇಕಾದ್ದು ಹಂದಿ ಓಡಿಸುವ ತೋಟೆಕೋವಿಯ ಸಾಮಾನು. ರಿವಾಲ್ವರಿನ ಸಣ್ಣ ಪುಟ್ಟದ್ದು ಇಟ್ಟುಕೊಳ್ಳುವುದು ಕಡಿಮೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿ ಮಾದರಿಯದೇ ಆದ್ದರಿಂದ ಅದರ ಸ್ಕ್ರೂ ಇದ್ದರೆ ಹಾಕಿ ನೋಡಬಹುದು, ಆದರೆ ಬೆರಳಿನಲ್ಲಿ ಮಾತ್ರ. ಬೆರಳಿನಲ್ಲಿ ಹೋಗದ್ದು ಸ್ಕ್ರೂಡ್ರೈವರಿನಲ್ಲೂ ಹೋಗಬಾರದು.

ಲೇತ್ ಅಂಗಡಿಗೆ ಗ್ರಿಪ್ ಮತ್ತು ಹಳೇ ಬುಶ್ ಮಾತ್ರ ತೆಗೆದುಕೊಂಡು ಹೋಗಿ. ರಿವಾಲ್ವರ್ ಮನೆಯಲ್ಲೇ, ಬೀಗದೊಳಗೆ ಇರಲಿ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಅಂದರೆ ಅದರ ಭಾಗಗಳೂ ಸೇರುತ್ತವೆ, ರಿಪೇರಿಗೂ ಲೈಸೆನ್ಸ್ ಬೇಕು. ಗ್ರಿಪ್, ಬುಶ್ ಒಯ್ಯುವುದಕ್ಕೂ ತೊಂದರೆ ಇಲ್ಲವೇ ಅಂತ ಲೈಸೆನ್ಸ್ ಇರುವ ರಿಪೇರಿಯವರನ್ನು ಮೊದಲೇ ಕೇಳಿಕೊಳ್ಳಿ, ಸುಮ್ನೆ ಲೇತಿನವನನ್ನು ಸಿಕ್ಕಿಸಬೇಡಿ. ಹೊರದೇಶದ ವೆಬ್‌ಸೈಟಿನಲ್ಲಿ ಸ್ಕ್ರೂ ಕಂಡು ಆಸೆಯಾಗುತ್ತದೆ, ನಿಜ. ಆದರೆ ಪಾರ್ಸೆಲ್ಲಿನ ಮೇಲೆ ಬಂದೂಕಿನ ಭಾಗ ಅಂತ ಬರೆದಿದ್ದರೆ ಕಸ್ಟಮ್ಸಿನವರಿಗೆ ಉತ್ತರ ಹೇಳುತ್ತಾ ಕೂರಬೇಕು.

ಜೋಡಿ ಮಾಡಿಸುವುದಾದರೆ ಸ್ಕ್ರೂ ಫ್ರೇಮಿನ ತೂತಿನಲ್ಲಿ ಸಲೀಸಾಗಿ ಹೋಗುವಷ್ಟೇ ದಪ್ಪ ಇರಲಿ. ಎಂ4 ಹೋಗದಿದ್ದರೆ ಎಂ3. ತೂತು ಕೊರೆದು ದೊಡ್ಡದು ಮಾಡಲೇಬೇಡಿ. ಬುಶ್‌ನ ಹೊರಮೈ ಹಳೇದರ ಹಾಗೇ ಇರಬೇಕು, ತಿರುಗದಂತೆ ತಡೆಯುವ ಮೂಲೆ ಇದ್ದರೆ ಅದನ್ನೂ ಸೇರಿಸಿ. ಲೇತಿನವರು ಸ್ಟೇನ್‌ಲೆಸ್ ಸ್ಟೀಲ್ ಅನ್ನುತ್ತಾರೆ. ಬೇಡ ಅನ್ನಿ, ಮಾಮೂಲಿ ಕಬ್ಬಿಣ ಸಾಕು. ಹಳೇ ರಿವಾಲ್ವರಿನ ಮೇಲೆ ಸ್ಟೇನ್‌ಲೆಸ್ ಫಳಫಳ ಅನ್ನುವುದು ನನಗಂತೂ ಸಹಿಸದು. ತಲೆಯನ್ನು ನುಣ್ಣಗೆ ಉಜ್ಜಿ, ಎಣ್ಣೆಯ ಪಸೆ ಪೂರಾ ತೆಗೆದು, ಸೌಟಿನಲ್ಲಿ ಹಿತ್ತಾಳೆಯ ಪುಡಿ ಹಾಕಿ, ಅದರ ಮೇಲೆ ಸ್ಕ್ರೂ ಇಟ್ಟು ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ಕಡುನೀಲಿ. ನೀಲಿ ಹತ್ತಿದ ಕೂಡಲೇ ತೆಗೆದು ಎಣ್ಣೆಗೆ ಹಾಕಿ. ಒಂದು ಕ್ಷಣ ತಡವಾದರೂ ಬೂದು ತಿರುಗುತ್ತದೆ, ಮತ್ತೆ ಮೊದಲಿನಿಂದ ಉಜ್ಜಬೇಕು. ಹಳೇ ಬುಶ್ ಎಸೆಯಬೇಡಿ, ಮುಂದೆ ಮೂಲ ಸ್ಕ್ರೂ ಸಿಕ್ಕಿದರೆ ಬೇಕಾಗುತ್ತದೆ.

ಬಿಗಿಸುವಾಗ ಕೈ ಹಗುರ ಇರಲಿ. ಹಳೇ ಕಪ್ಪು ಗ್ರಿಪ್ ಸಾಮಾನ್ಯವಾಗಿ ಎಬೊನೈಟಿನದು, ಹಳೇ ಇಂಕ್ ಪೆನ್ನಿನ ವಸ್ತುವೇ. ಜಾಸ್ತಿ ಬಿಗಿದರೆ ತೂತಿನ ಸುತ್ತ ಟಪ್ ಅಂತ ಬಿರುಕು ಬಿಡುತ್ತದೆ. ಮರದ್ದಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಾರ್ಚಿಗೆ ಸ್ಕ್ರೂ ಸಡಿಲಾಗಿರುತ್ತದೆ. ಆಗ ಒಮ್ಮೆ ನೋಡಿಕೊಳ್ಳಿ. ಸ್ಕ್ರೂಡ್ರೈವರಿನ ತುದಿ ಸೀಳಿನಲ್ಲಿ ಪೂರ್ತಿ ತುಂಬಿಕೊಳ್ಳುವಂತಿರಬೇಕು, ಬೇಕಿದ್ದರೆ ಅರದಲ್ಲಿ ಉಜ್ಜಿ ಸರಿಮಾಡಿ. ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಮಾತ್ರ ಹಚ್ಚಬೇಡಿ, ಅದು ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಮಿಶಿನ್ ಎಣ್ಣೆ ಒಂದು ಹನಿ ಸಾಕು.