ಆಶ್ರಯಗೃಹದ ನೆರವು ಎಷ್ಟು ತಲುಪಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಕೌಟುಂಬಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ವಸತಿ ಕೊಡುವ ಸಂಸ್ಥೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಎಷ್ಟು ಮಂದಿ ಬಂದರು, ಎಷ್ಟು ಪ್ರಕರಣ ಇತ್ಯರ್ಥವಾದವು ಎಂದು ಪ್ರತಿ ತಿಂಗಳು ವರದಿ ಕಳಿಸುತ್ತೇವೆ. ನಮ್ಮಿಂದ ಅವರಿಗೆ ನಿಜಕ್ಕೂ ಎಷ್ಟು ಉಪಯೋಗವಾಗಿದೆ ಎಂಬುದನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ವರದಿಯ ‘ಇತ್ಯರ್ಥ’ ಎಂಬ ಕಾಲಂ ಅನ್ನೇ ಮೊದಲು ನೋಡಿ. ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಅವನ ಜೊತೆ ಕಳಿಸಿಕೊಟ್ಟ ಮಹಿಳೆಯೂ, ಬಾಡಿಗೆ ಮನೆ ಹಿಡಿದು ಮಕ್ಕಳೊಂದಿಗೆ ನೆಲೆ ಕಂಡುಕೊಂಡ ಮಹಿಳೆಯೂ ಅಲ್ಲಿ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಮೊದಲನೆಯವರು ಮತ್ತೆ ಪೆಟ್ಟು ತಿಂದು ನಿಮ್ಮ ಬಾಗಿಲಿಗೆ ಬಂದರೆ ಅದು ‘ಹೊಸ ಪ್ರಕರಣ’ವಾಗಿ ಇನ್ನೊಂದು ಅಂಕಿ ಹೆಚ್ಚಿಸುತ್ತದೆ. ಹಾಗೆ ಮರಳಿ ಬಂದದ್ದನ್ನು ಸೋಲೆಂದು ಬರೆಯಬೇಕಿಲ್ಲ. ನಿಮ್ಮ ಮೇಲೆ ನಂಬಿಕೆ ಇದ್ದುದರಿಂದಲೇ ಅವರು ಬಂದಿರಬಹುದು. ಆದರೆ ಅದನ್ನು ಬೇರೆಯಾಗಿಯೇ ದಾಖಲಿಸಬೇಕು.

ಬಂದ ಮೊದಲ ವಾರ ಮತ್ತು ಹೊರಡುವ ಮುನ್ನ ಅವೇ ಕೆಲವು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ: ರಾತ್ರಿ ನಿದ್ದೆ ಬರುತ್ತಿದೆಯೇ, ಅಪಾಯ ಎದುರಾದರೆ ಯಾರಿಗೆ ಫೋನ್ ಮಾಡುತ್ತೀರಿ, ಆಧಾರ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇವೆಯೇ, ಮಗು ಶಾಲೆಗೆ ಹೋಗುತ್ತಿದೆಯೇ? ಗಂಡನೊಂದಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಸೆಕ್ಷನ್ ಕೊಟ್ಟಿದೆ. ಅದು ತಿಳಿದ ಮೇಲೂ ಅವರು ಹೊರಗಿರಲು ಬಯಸಿದರೆ ಅದು ಅವರ ಆಯ್ಕೆ, ತಿಳಿಯದೆ ಹೊರಗುಳಿದರೆ ನಿಮ್ಮ ಸೇವೆಯಲ್ಲಿನ ಕೊರತೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಯಾರೂ ಇಡದ ಇನ್ನೊಂದು ಪುಸ್ತಕ: ಜಾಗವಿಲ್ಲವೆಂದೋ, ದೊಡ್ಡ ಮಗನಿದ್ದಾನೆಂದೋ, ಮಾನಸಿಕ ಕಾಯಿಲೆಯಿದೆಯೆಂದೋ ವಾಪಸು ಕಳಿಸಿದವರದು. ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕೋರಿಕೆ ಬಂದಾಗ ಆಶ್ರಯ ನೀಡುವುದು ಗೃಹದ ಉಸ್ತುವಾರಿ ಹೊತ್ತವರ ಕರ್ತವ್ಯ. ಕೌಟುಂಬಿಕ ಘಟನಾ ವರದಿ (ನಡೆದ ದೌರ್ಜನ್ಯದ ಅಧಿಕೃತ ದಾಖಲೆ) ದಾಖಲಾಗಿಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲವೆಂದು ಅದೇ ಕಾಯ್ದೆಯಡಿಯ 2006ರ ನಿಯಮಗಳು ಸ್ಪಷ್ಟಪಡಿಸಿವೆ. ಒಳಗಿದ್ದವರ ಸಮಾಧಾನವನ್ನಷ್ಟೇ ಅಳೆದರೆ ಈ ಮಂದಿ ಲೆಕ್ಕಕ್ಕೇ ಸಿಗುವುದಿಲ್ಲ. ಸಾಮಾನ್ಯವಾಗಿ ಐದು ದಿನಗಳ ತಂಗುವಿಕೆಗೆ ಇರುವ, ಸರ್ಕಾರದ ತುರ್ತು ನೆರವಿನ ‘ಸಖಿ’ ಕೇಂದ್ರವನ್ನು ಸರ್ಕಾರದ್ದೇ ಯೋಜನೆಯ ದೀರ್ಘಕಾಲದ ವಸತಿಯಾದ ‘ಶಕ್ತಿ ಸದನ’ದ ಅಳತೆಗೋಲಿನಲ್ಲಿ ನೋಡುವುದೂ ಸರಿಯಲ್ಲ.

ಆರು ತಿಂಗಳ ನಂತರ ವಿಚಾರಿಸುವುದಾದರೆ, ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಕರೆ ಮಾಡಬಹುದೆಂದು ಅವರು ಹೊರಡುವಾಗಲೇ ಕೇಳಿಟ್ಟುಕೊಳ್ಳಿ. ಬೇರೆಯವರು ಫೋನ್ ಎತ್ತಿದರೆ ಸಂಸ್ಥೆಯ ಹೆಸರು ಹೇಳಬಾರದು. ಊಟ, ಹಾಸಿಗೆ, ವಾರ್ಡನ್‌ರ ವರ್ತನೆಯ ಬಗ್ಗೆ ವಾರ್ಡನ್ನರೇ ಕೇಳಿದರೆ ‘ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಆ ಕೆಲಸವನ್ನು ಹೊರಗಿನ ಮಹಿಳೆಯೊಬ್ಬರಿಗೆ ವಹಿಸಿ.